ಡ್ರೈವ್ ಶಾಫ್ಟ್ ಬಿಚ್ಚಿ ಕೂರಿಸುವ ಕೆಲಸ: ಎಲ್ಲಿ ಬಲ ಹಾಕಬೇಕು, ಎಲ್ಲಿ ಕೈ ತಡೆಯಬೇಕು

ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ ಗಾಡಿಯನ್ನು ನಿಧಾನಕ್ಕೆ ಬಿಟ್ಟಾಗ ಮುಂದಿನ ಚಕ್ರದ ಹತ್ತಿರ ಟಕ್ ಟಕ್ ಟಕ್ ಎಂದು ಎಣಿಸುವಷ್ಟು ಸ್ಪಷ್ಟವಾಗಿ ಸದ್ದು ಬರುತ್ತದೆ, ಗಾಡಿಯ ವೇಗ ಹೆಚ್ಚಿದಷ್ಟೂ ಸದ್ದು ಬೇಗಬೇಗ ಬೀಳುತ್ತದೆ ಎಂದರೆ ಡ್ರೈವ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ದಂಡ) ಹೊರಗಿನ ಸಿವಿ ಜಾಯಿಂಟ್, ಅಂದರೆ ಚಕ್ರ ಎತ್ತ ತಿರುಗಿದರೂ ಬಲ ಸಾಗಿಸುವ ಕೀಲು, ಸವೆದಿದೆ. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ನಡುಗಿ, ಕಾಲು ತೆಗೆದೊಡನೆ ಸುಮ್ಮನಾಗುವ ಗಾಡಿಯಲ್ಲಿ ಅನುಮಾನ ಗೇರ್‌ಬಾಕ್ಸ್ ಕಡೆಯ ಒಳ ಜಾಯಿಂಟಿನ ಮೇಲೆ. ಈ ಎರಡಕ್ಕೂ ತಿಂಗಳುಗಟ್ಟಲೆ ಮುಂಚೆಯೇ ಒಂದು ಸೂಚನೆ ಸಿಕ್ಕಿರುತ್ತದೆ: ರಿಮ್ಮಿನ ಒಳಮೈ ಮೇಲೆ, ಶಾಕ್ ಅಬ್ಸಾರ್ಬರ್ ಮೇಲೆ ಗೆರೆ ಎಳೆದಂತೆ ಸಿಡಿದ ಕಪ್ಪು ಗ್ರೀಸು.

ಆ ಗ್ರೀಸು ಬರುವುದು ಹರಿದ ಬೂಟಿನಿಂದ. ಜಾಯಿಂಟಿನ ಮೇಲಿರುವ ಸುಕ್ಕುಸುಕ್ಕಾದ ರಬ್ಬರ್ ಚೀಲವನ್ನೇ ಬೂಟು ಅನ್ನುವುದು. ಅದರ ಮಡಿಕೆಯ ತಳದಲ್ಲಿ ಬಿರುಕು ಬಿಟ್ಟರೆ ಶಾಫ್ಟ್ ತಿರುಗುವ ರಭಸಕ್ಕೆ ಗ್ರೀಸು ಹೊರಗೆ ಚಿಮ್ಮುತ್ತದೆ, ಖಾಲಿಯಾದ ಜಾಗಕ್ಕೆ ನೀರು, ಮರಳು ಸೇರುತ್ತವೆ. ಒಳಗಿನ ಉಕ್ಕಿನ ಗುಂಡುಗಳು ಮರಳಿನ ಜೊತೆಗೇ ಉಜ್ಜಿಕೊಂಡು ತಮ್ಮ ಹಾದಿಯಲ್ಲಿ ಗುಳಿ ಮಾಡುತ್ತವೆ. ಸದ್ದು ಬರುವ ಮುಂಚೆ ಕಣ್ಣಿಗೆ ಬಿದ್ದರೆ ಬೂಟು, ಗ್ರೀಸು ಬದಲಿಸಿದರೆ ಸಾಕು. ಸದ್ದು ಶುರುವಾದ ಮೇಲೆ ಎಷ್ಟು ಗ್ರೀಸು ತುಂಬಿದರೂ ಗುಳಿ ಮುಚ್ಚುವುದಿಲ್ಲ.

ಮುಂದಿನ ಚಕ್ರಗಳು ಎಳೆಯುವ, ಎಂಜಿನ್ ಅಡ್ಡಲಾಗಿ ಕೂತಿರುವ ಸಾಮಾನ್ಯ ಕಾರಿನ ಲೆಕ್ಕದಲ್ಲಿ ಇಲ್ಲಿ ಕ್ರಮ ಹೇಳಿದೆ. ಬಿಗಿಯ ಅಳತೆಗಳು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತವೆ. ಹಾಗಾಗಿ ಇಲ್ಲಿ ಕೊಟ್ಟಿರುವ ಅಂಕಿಗಳು ಅಂದಾಜಿಗೆ ಮಾತ್ರ, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುವುದೇ ಕೊನೆಯ ಮಾತು.

ಬಿಚ್ಚುವ ಮುಂಚೆ

ಬೂಟು ಮಾತ್ರ ಹರಿದಿದ್ದಾಗ ಇಡೀ ಶಾಫ್ಟ್ ಬದಲಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಗಾಡಿಯೊಂದಿಗೆ ಬಂದ ಮೂಲ ಜಾಯಿಂಟಿನ ಉಕ್ಕು, ಹದ ಎರಡೂ ಅಗ್ಗದ ಬದಲಿ ಶಾಫ್ಟಿಗಿಂತ ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಜಾಯಿಂಟ್ ಸದ್ದು ಮಾಡುತ್ತಿದ್ದರೆ ಜಾಯಿಂಟನ್ನೋ ಶಾಫ್ಟನ್ನೋ ಬದಲಿಸಲೇಬೇಕು. ಜಾಯಿಂಟ್ ಬಿಚ್ಚದೆ ಸುತ್ತಿ ಅಂಟಿಸುವ ಸೀಳು ಬೂಟುಗಳೂ ಸಿಗುತ್ತವೆ. ಅಂಟು ಹಿಡಿಯಬೇಕಾದ ಜಾಗದಲ್ಲೇ ಗ್ರೀಸಿನ ಪಸೆ ಇರುವುದರಿಂದ ಅವು ಊರು ಮುಟ್ಟಿಸುವುದಕ್ಕೆ ಸರಿ, ವರ್ಷಗಟ್ಟಲೆ ಬಾಳುವುದಕ್ಕಲ್ಲ.

ಶಾಫ್ಟ್ ಬದಲಿಸುವುದೇ ಆದರೆ ಹೊಸತು ಕೈಗೆ ಬರುವ ತನಕ ಒಂದು ನಟ್ಟನ್ನೂ ಮುಟ್ಟಬೇಡಿ. ಹಳೆಯದು ಹೊರಬಂದ ಮೇಲೆ ಎರಡನ್ನೂ ನೆಲದ ಮೇಲೆ ಪಕ್ಕಪಕ್ಕದಲ್ಲಿ ಮಲಗಿಸಿ ನೋಡಿ. ಉದ್ದ ಒಂದೇ ಇರಬೇಕು, ಎರಡೂ ತುದಿಯ ಸ್ಪ್ಲೈನ್ ಹಲ್ಲುಗಳ (ಶಾಫ್ಟಿನ ಸುತ್ತ ಉದ್ದಕ್ಕೆ ಕೊರೆದ ಏಣುಗಳ) ಸಂಖ್ಯೆ ಒಂದೇ ಇರಬೇಕು, ಆಯಿಲ್ ಸೀಲ್ ಕೂರುವ ನುಣುಪು ಜಾಗದ ದಪ್ಪ ಒಂದೇ ಇರಬೇಕು. ಹೊರ ಜಾಯಿಂಟಿನ ಮೇಲೆ ಎಬಿಎಸ್‌ನ ಹಲ್ಲಿನ ಉಂಗುರ ಇದ್ದರೆ ಅದರ ಹಲ್ಲುಗಳನ್ನೂ ಸೀಮೆಸುಣ್ಣದ ಗುರುತು ಹಾಕಿಕೊಂಡು ಎಣಿಸಿ. ಒಂದು ಹಲ್ಲು ವ್ಯತ್ಯಾಸವಾದರೂ ಆ ಚಕ್ರ ಬೇರೆ ವೇಗದಲ್ಲಿ ಓಡುತ್ತಿದೆ ಎಂದು ಕಂಪ್ಯೂಟರ್ ತಿಳಿಯುತ್ತದೆ, ಎಬಿಎಸ್ ದೀಪ ಹತ್ತುತ್ತದೆ.

ಶಾಫ್ಟಿನ ಜೊತೆಗೆ ಹೊಸ ಹಬ್ ನಟ್ಟು (ಚಕ್ರ ಕೂರುವ ಹಬ್ಬಿಗೆ ಶಾಫ್ಟನ್ನು ಬಿಗಿದಿಡುವ ನಡುವಿನ ನಟ್ಟು), ಗೇರ್‌ಬಾಕ್ಸ್ ಕಡೆಯ ಆಯಿಲ್ ಸೀಲ್, ಒಳತುದಿಯ ಸರ್ಕ್ಲಿಪ್ (ಶಾಫ್ಟ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಉಂಗುರ), ಸ್ಪ್ಲಿಟ್ ಪಿನ್ನು (ನಟ್ಟು ತಿರುಗದಂತೆ ಅಡ್ಡ ತೂರಿಸಿ ತುದಿ ಮಡಚುವ ಪಿನ್ನು), ಡ್ರೇನ್ ಪ್ಲಗ್ಗಿನ ವಾಷರ್, ಗೇರ್ ಎಣ್ಣೆ ತಂದಿಟ್ಟುಕೊಳ್ಳಿ. ಸಾಮಾನುಗಳಲ್ಲಿ ಜಾಕ್, ಎರಡು ಗಟ್ಟಿ ಸ್ಟ್ಯಾಂಡು, ಹಬ್ ನಟ್ಟಿಗೆ ಸಾಕೆಟ್, ಉದ್ದ ಹಿಡಿಯ ಬ್ರೇಕರ್ ಬಾರ್, ಮೀಟುವ ಕಬ್ಬಿಣದ ಬಾರ್, ಸುತ್ತಿಗೆ, ಹಿತ್ತಾಳೆಯ ಪಂಚು, ತುಕ್ಕು ಬಿಡಿಸುವ ಎಣ್ಣೆ ಬೇಕು. ಹಬ್ ನಟ್ಟು ಹಲವು ಕಾರುಗಳಲ್ಲಿ 30 ಅಥವಾ 32 ಮಿ.ಮೀ., ಕೆಲವದರಲ್ಲಿ 36. ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚ್ 300 ನ್ಯೂಟನ್ ಮೀಟರ್ ತನಕ ಅಳೆಯುವಂಥದ್ದಾಗಿರಲಿ. ಚಕ್ರದ ನಟ್ಟಿಗೆಂದು ಕೊಂಡ ಸಣ್ಣ ಟಾರ್ಕ್ ರೆಂಚ್ ಈ ಕೆಲಸಕ್ಕೆ ಆಗುವುದಿಲ್ಲ.

ಹಬ್ ನಟ್ಟು

ಇಡೀ ಕೆಲಸದಲ್ಲಿ ಅತಿ ಬಿಗಿಯಾದದ್ದು ಇದೇ. ಗಾಡಿ ನೆಲದ ಮೇಲಿರುವಾಗಲೇ ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿನಲ್ಲಿಟ್ಟು, ನಡುವಿನ ಮುಚ್ಚಳ ತೆಗೆದು ಇದನ್ನು ಸಡಿಲಿಸಿ. ಅದಕ್ಕೂ ಮುಂಚೆ ನಟ್ಟಿನ ಕಂಠವನ್ನು ಗಮನಿಸಬೇಕು. ಬಹಳ ಗಾಡಿಗಳಲ್ಲಿ ಆ ಕಂಠದ ತಗಡನ್ನು ಶಾಫ್ಟಿನಲ್ಲಿ ಕೊರೆದ ಸೀಳಿನೊಳಕ್ಕೆ ಬಡಿದು ಕೂರಿಸಿರುತ್ತಾರೆ. ಆ ಮಡಿಕೆಯನ್ನು ಸಣ್ಣ ಉಳಿಯಿಂದ ಮೇಲೆತ್ತದೆ ಬಾರ್ ಹಾಕಿ ತಿರುಗಿಸಿದರೆ ಶಾಫ್ಟಿನ ಮರೆಗಳು (ನಟ್ಟು ಹಿಡಿಯುವ ತಿರುಪಿನ ಸುತ್ತುಗಳು) ಕಿತ್ತು ಬರುತ್ತವೆ. ಬೇರೆ ಕೆಲವು ಗಾಡಿಗಳಲ್ಲಿ ಸ್ಪ್ಲಿಟ್ ಪಿನ್ನು ಇರುತ್ತದೆ, ಅದನ್ನು ಎಳೆದು ಬಿಸಾಡಿ.

ನೆಲದ ಮೇಲೆ ಅರ್ಧ ಸುತ್ತು ಸಡಿಲಿಸಿದರೆ ಸಾಕು, ಪೂರ್ತಿ ತೆಗೆಯಬಾರದು, ಆಮೇಲೆ ಗಾಡಿಯನ್ನು ಒಂದು ಅಡಿಯೂ ತಳ್ಳಬಾರದು. ಚಕ್ರದ ಬೇರಿಂಗಿನ ಎರಡು ಸಾಲನ್ನು ಒತ್ತಿ ಹಿಡಿದಿರುವುದೇ ಈ ನಟ್ಟು. ಅದು ಸಡಿಲಿರುವಾಗ ಗಾಡಿಯ ಭಾರ ಬಿದ್ದು ಚಕ್ರ ಉರುಳಿದರೆ ಬೇರಿಂಗಿನ ಒಳಬಳೆಗಳು ಅಲುಗಿ ಗುಂಡುಗಳ ಗುರುತು ಕಚ್ಚುತ್ತದೆ. ಎರಡು ವಾರ ಕಳೆದು ಬೇರಿಂಗ್ ಗುಂಯ್‌ಗುಟ್ಟುವಾಗ ಹೊಸ ಶಾಫ್ಟನ್ನೇ ಬೈಯುವವರು ಬಹಳ. ಭಾರ ಬೀಳುವಾಗ ಸಡಿಲಿಸಲೇಬಾರದು ಎಂದು ಪುಸ್ತಕ ಹೇಳುವ ಗಾಡಿಗಳೂ ಇವೆ. ಅಲ್ಲಿ ಮುಂಭಾಗ ಎತ್ತಿ, ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯುವಾಗ ಬಿಚ್ಚಬೇಕು.

ಚಕ್ರದ ನಟ್ಟುಗಳನ್ನೂ ನೆಲದ ಮೇಲೆಯೇ ಕಾಲು ಸುತ್ತು ಸಡಿಲಿಸಿ, ಜಾಕ್ ಹಾಕಿ ಎತ್ತಿ, ಗಾಡಿಯವರು ಗೊತ್ತು ಮಾಡಿದ ಜಾಗದಲ್ಲೇ ಸ್ಟ್ಯಾಂಡ್ ಕೊಡಿ. ಸ್ಟ್ಯಾಂಡಿನ ಮೇಲೆ ಭಾರ ಕೂತ ಮೇಲೆ ಗಾಡಿಯನ್ನು ಕೈಯಿಂದ ತಳ್ಳಿ ಅಲುಗಿಸಿ ನೋಡಿ. ಅಲುಗಾಡುವುದಿದ್ದರೆ ನೀವು ಕೆಳಗೆ ಮಲಗುವ ಮುಂಚೆಯೇ ಗೊತ್ತಾಗಲಿ, ಏಕೆಂದರೆ ಮುಂದೆ ಬಾರ್ ಹಾಕಿ ಮೀಟುವ ಕೆಲಸವಿದೆ. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳು ಭಾರಕ್ಕೆ ಹೇಳದೆ ಕೇಳದೆ ಸೀಳುತ್ತವೆ, ಸ್ಟ್ಯಾಂಡಿನ ಬದಲು ಅವನ್ನು ಇಡಬೇಡಿ.

ಎಣ್ಣೆ ಇಳಿಸುವಾಗ

ಶಾಫ್ಟ್ ಎಳೆದರೆ ಗೇರ್‌ಬಾಕ್ಸಿನ ಎಣ್ಣೆ ಹರಿದು ಬರುತ್ತದೆ, ಆದ್ದರಿಂದ ಮೊದಲೇ ಇಳಿಸಿಕೊಳ್ಳುವುದು ಒಳ್ಳೆಯದು. ಡ್ರೇನ್ ಪ್ಲಗ್ ಮುಟ್ಟುವ ಮುಂಚೆ ಎಣ್ಣೆ ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ನೋಡಿ. ತುಕ್ಕು ಹಿಡಿದು ಅದು ಬರದೇ ಹೋದರೆ, ಕೆಳಗಿನದನ್ನು ಆಗಲೇ ತೆಗೆದಿದ್ದರೆ, ಗಾಡಿ ಎಣ್ಣೆಯಿಲ್ಲದ ಗೇರ್‌ಬಾಕ್ಸಿನೊಂದಿಗೆ ನಿಂತಲ್ಲೇ ನಿಲ್ಲುತ್ತದೆ.

ಬಾಲ್ ಜಾಯಿಂಟ್ ಬಿಡಿಸುವುದು

ಶಾಫ್ಟಿನ ಹೊರತುದಿಯನ್ನು ಹಬ್‌ನಿಂದ ಎಳೆಯಬೇಕಾದರೆ ಸ್ಟೀರಿಂಗ್ ನಕಲ್, ಅಂದರೆ ಹಬ್ಬನ್ನೂ ಚಕ್ರದ ಬೇರಿಂಗನ್ನೂ ಹೊತ್ತ ಲೋಹದ ತುಂಡು, ಹೊರಗಡೆಗೆ ವಾಲಬೇಕು. ಅದಕ್ಕೆ ಎರಡು ದಾರಿ: ಕೆಳಗಿನ ಲೋಯರ್ ಆರ್ಮಿನ (ನಕಲನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ತೋಳಿನ) ಬಾಲ್ ಜಾಯಿಂಟ್ ಎಂಬ ಗುಂಡು ಕೀಲನ್ನು ಬಿಡಿಸುವುದು, ಇಲ್ಲವೇ ಮೇಲೆ ಶಾಕ್ ಅಬ್ಸಾರ್ಬರನ್ನು ನಕಲ್‌ಗೆ ಹಿಡಿದ ಎರಡು ದೊಡ್ಡ ಬೋಲ್ಟು ತೆಗೆಯುವುದು. ಎರಡನೆಯದು ಸುಲಭ. ಆದರೆ ಆ ರಂಧ್ರಗಳಲ್ಲಿರುವ ಅಲ್ಪ ಸಡಿಲದಿಂದಲೇ ಚಕ್ರದ ಕ್ಯಾಂಬರ್ ಕೋನ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಬದಲಾಗುವುದುಂಟು. ಆ ದಾರಿ ಹಿಡಿದರೆ ಬೋಲ್ಟಿನ ತಲೆಗೂ ಬ್ರಾಕೆಟ್ಟಿಗೂ ಸೇರಿಸಿ ಬಣ್ಣದ ಗೆರೆ ಎಳೆದುಕೊಳ್ಳಿ, ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ನೋಡಿಸಿ. ಅಲೈನ್‌ಮೆಂಟ್ ಕೆಡಿಸದ ಬಾಲ್ ಜಾಯಿಂಟಿನ ದಾರಿಯೇ ನಮ್ಮ ಪ್ರಕಾರ ಮೇಲು, ತುಕ್ಕು ಅಡ್ಡ ಬರದಿದ್ದರೆ.

ಮೊದಲು ಶಾಕ್ ಅಬ್ಸಾರ್ಬರಿಗೆ ಹಿಡಿದಿರುವ ಬ್ರೇಕ್ ಹೋಸ್‌ನ ಕ್ಲಿಪ್ಪು, ಎಬಿಎಸ್ ವೈರಿನ ಬ್ರಾಕೆಟ್ ಬಿಡಿಸಿಕೊಳ್ಳಿ. ಎಬಿಎಸ್ ಸೆನ್ಸರನ್ನು ಅದರ ಗೂಡಿನಿಂದ ಕೀಳುವ ಅಗತ್ಯ ಹೆಚ್ಚಿನ ಗಾಡಿಗಳಲ್ಲಿಲ್ಲ. ತುಕ್ಕಿನಿಂದ ಅಲ್ಲಿಯೇ ಕಚ್ಚಿಕೊಂಡಿರುವ ಪ್ಲಾಸ್ಟಿಕ್ ತುಂಡನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಮುರಿಯುವುದು ಗ್ಯಾರಂಟಿ. ವೈರಿಗೆ ಸಡಿಲ ಕೊಟ್ಟರೆ ಸಾಕು. ಕ್ಯಾಲಿಪರ್ ಕೂಡ ಸಾಮಾನ್ಯವಾಗಿ ತೆಗೆಯಬೇಕಿಲ್ಲ. ತೆಗೆಯಲೇಬೇಕಾದರೆ ತಂತಿಯಿಂದ ಸ್ಪ್ರಿಂಗಿಗೆ ನೇತುಹಾಕಿ. ಹೋಸಿಗೆ ಅದರ ಭಾರ ಬಿಟ್ಟರೆ ಹೊರಗೆ ಏನೂ ಕಾಣದೆ ಒಳಗಿನ ಪದರ ಹರಿಯುತ್ತದೆ.

ಬಾಲ್ ಜಾಯಿಂಟ್ ಎರಡು ತರದ್ದು. ಒಂದರಲ್ಲಿ ನಕಲ್‌ನ ಸೀಳು ಕಿವಿಯೊಂದು ಜಾಯಿಂಟಿನ ಪಿನ್ನನ್ನು ಅಪ್ಪಿ ಹಿಡಿದು, ಅಡ್ಡ ಬೋಲ್ಟೊಂದು ಅದನ್ನು ಬಿಗಿ ಮಾಡಿರುತ್ತದೆ. ಇಲ್ಲಿ ಬೋಲ್ಟ್ ಸಡಿಲಿಸಿದರೆ ಸಾಲದು, ಪೂರ್ತಿ ಎಳೆಯಬೇಕು. ಪಿನ್ನಿನ ಸುತ್ತ ಕೊರೆದ ತೋಡಿನಲ್ಲೇ ಆ ಬೋಲ್ಟ್ ಕೂತಿರುವುದರಿಂದ ಅದು ಒಳಗಿರುವ ತನಕ ಪಿನ್ನು ಒಂದು ಕೂದಲೂ ಜಾರದು. ಬೋಲ್ಟ್ ತೆಗೆದ ಮೇಲೂ ಪಿನ್ನು ಅಲುಗದಿದ್ದರೆ ಸೀಳಿನೊಳಕ್ಕೆ ಚಪ್ಪಟೆ ಉಳಿಯೊಂದನ್ನು ಮೆಲ್ಲಗೆ ಬಡಿದು ಕಿವಿ ಒಂದಿಷ್ಟು ಅಗಲಿಸಿ, ತುಕ್ಕೆಣ್ಣೆ ಬಿಟ್ಟು, ಲೋಯರ್ ಆರ್ಮನ್ನು ಬಾರಿನಿಂದ ಕೆಳಕ್ಕೆ ಒತ್ತಿ. ಉಳಿಯನ್ನು ಹೆಚ್ಚು ಬಡಿದರೆ ಅಲ್ಯುಮಿನಿಯಂ ನಕಲ್ ಬಿರುಕು ಬಿಡುತ್ತದೆ, ಅಲ್ಲಿಗೆ ಕೆಲಸ ಹತ್ತು ಪಟ್ಟು ಬೆಳೆಯುತ್ತದೆ.

ಇನ್ನೊಂದು ತರದ್ದರಲ್ಲಿ ಪಿನ್ನು ಮೊನಚಾಗುತ್ತ ಹೋಗುತ್ತದೆ, ಅದರ ತುದಿಗೆ ಕಿರೀಟದಂಥ ನಟ್ಟು, ಸ್ಪ್ಲಿಟ್ ಪಿನ್ನು. ಈ ಮೊನಚು ಗೂಟ ಹೊಡೆದ ಹಾಗೆ ರಂಧ್ರದಲ್ಲಿ ಕಚ್ಚಿಕೊಂಡಿರುವುದರಿಂದ ನಟ್ಟು ತೆಗೆದ ಮಾತ್ರಕ್ಕೆ ಬೀಳುವುದಿಲ್ಲ. ನಟ್ಟನ್ನು ಪೂರ್ತಿ ತೆಗೆಯದೆ ಕೊನೆಯ ಮೂರು ನಾಲ್ಕು ಮರೆಗಳ ಮೇಲೆ ಬಿಡಿ. ಆಮೇಲೆ ಪಿನ್ನಿನ ತುದಿಗೆ ಹೊಡೆಯಬೇಡಿ. ಪಿನ್ನು ಹೊಕ್ಕಿರುವ ನಕಲ್‌ನ ಕಣ್ಣಿದೆಯಲ್ಲ, ಅದರ ಪಕ್ಕಕ್ಕೆ, ಅಡ್ಡಲಾಗಿ, ಭಾರದ ಸುತ್ತಿಗೆಯಿಂದ ಎರಡು ಮೂರು ಗಟ್ಟಿ ಪೆಟ್ಟು. ಒಂದು ಬದಿಯಿಂದ ಪೆಟ್ಟು ಬಿದ್ದಾಗ ಕಣ್ಣು ಒಂದು ಕ್ಷಣ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ, ಮೊನಚು ತನ್ನಷ್ಟಕ್ಕೆ ಟಪ್ಪೆಂದು ಜಾರುತ್ತದೆ. ಬಿಟ್ಟಿದ್ದ ನಟ್ಟು ಆರ್ಮನ್ನು ಕಾಲಿನ ಮೇಲೆ ಬೀಳದಂತೆ ತಡೆಯುತ್ತದೆ. ಈ ಪೆಟ್ಟು ಎರಕದ ಕಬ್ಬಿಣದ ನಕಲ್‌ಗೆ ಮಾತ್ರ. ಅಲ್ಯುಮಿನಿಯಂ ಆದರೆ ಒತ್ತಿ ಬಿಡಿಸುವ ಪುಲ್ಲರ್ ಬೇಕು. ಕವಲಿನ ಬೆಣೆ ಎರಡಕ್ಕೂ ಆಗುತ್ತದೆ, ಆದರೆ ಬಾಲ್ ಜಾಯಿಂಟಿನ ರಬ್ಬರ್ ಮುಚ್ಚಳವನ್ನು ಅದು ಹರಿಯದೆ ಬಿಡುವುದು ಅಪರೂಪ. ಜಾಯಿಂಟನ್ನೇ ಬದಲಿಸುವವರಿಗೆ ಅದು ಸರಿ.

ಶಾಫ್ಟ್ ಹೊರಗೆ

ಹಬ್ ನಟ್ಟನ್ನು ಈಗ ಪೂರ್ತಿ ಬಿಚ್ಚಿ, ಮತ್ತೆ ತಿರುಗಿಸಿ ಶಾಫ್ಟಿನ ತುದಿಗೆ ಸಮವಾಗಿ ನಿಲ್ಲಿಸಿ. ಅದರ ಮೇಲೆ ಮರದ ತುಂಡಿಟ್ಟು ಬಡಿಯಿರಿ. ನಟ್ಟು ಮರೆಗಳನ್ನು ಕಾಯುತ್ತದೆ. ನಾಲ್ಕೈದು ಪೆಟ್ಟಿಗೆ ಶಾಫ್ಟ್ ಅಲುಗದಿದ್ದರೆ ಬಡಿತ ನಿಲ್ಲಿಸಿ. ಸ್ಪ್ಲೈನುಗಳ ನಡುವೆ ತುಕ್ಕು ತುಂಬಿದೆ ಎಂದರ್ಥ. ಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಿರಿ, ಆಮೇಲೆ ಚಕ್ರದ ಬೋಲ್ಟುಗಳಿಗೆ ಕಟ್ಟುವ ಹಬ್ ಪುಲ್ಲರಿನಿಂದ ಒತ್ತಿ. ಬರಿ ಸುತ್ತಿಗೆಯಿಂದ ಹೊಡೆಯುತ್ತ ಹೋದರೆ ಶಾಫ್ಟಿನ ತುದಿ ಅಣಬೆಯ ಹಾಗೆ ಅಗಲವಾಗಿ ಹಬ್‌ನೊಳಗಿಂದ ಹಾದು ಬರುವುದೇ ಇಲ್ಲ, ಅದರ ಜೊತೆಗೆ ಪ್ರತಿ ಪೆಟ್ಟೂ ಚಕ್ರದ ಬೇರಿಂಗಿಗೆ ಬೀಳುತ್ತಿರುತ್ತದೆ.

ನಕಲನ್ನು ಹೊರಕ್ಕೆ ವಾಲಿಸಿ ಶಾಫ್ಟ್ ಈಚೆ ಬಂದಾಗ ಅದನ್ನು ನೇತಾಡಲು ಬಿಡಬೇಡಿ. ತಂತಿಯಿಂದ ಕಟ್ಟಿ, ಇಲ್ಲವೇ ಕೈಯಲ್ಲಿ ಹಿಡಿದುಕೊಳ್ಳಿ. ಒಳ ಜಾಯಿಂಟ್ ಹೆಚ್ಚಿನ ಗಾಡಿಗಳಲ್ಲಿ ಮೂರು ರೋಲರ್‌ಗಳು ಒಂದು ಬಟ್ಟಲಿನೊಳಗೆ ಹಿಂದೆ ಮುಂದೆ ಜಾರುವ ಬಗೆಯದು. ಶಾಫ್ಟ್ ಹಿಡಿದು ಎಳೆದರೆ ಬಟ್ಟಲು ಗೇರ್‌ಬಾಕ್ಸಿನಲ್ಲೇ ಉಳಿದು ರೋಲರುಗಳು ಬೂಟಿನೊಳಗೆ ಕಳಚಿ ಬೀಳುತ್ತವೆ. ಹಾಗಾಗಿ ಎಳೆತ ಶಾಫ್ಟಿನ ಮೇಲೆ ಬೇಡ, ಬಟ್ಟಲಿನ ಮೇಲೆ ಬೀಳಲಿ.

ಗೇರ್‌ಬಾಕ್ಸ್ ಮೈಗೂ ಬಟ್ಟಲಿನ ಅಂಚಿಗೂ ನಡುವೆ ಬಾರ್ ತೂರಿಸಿ, ಗೇರ್‌ಬಾಕ್ಸಿನ ಗಟ್ಟಿ ಏಣಿನ ಮೇಲೆ ಆನಿಸಿ, ಒಮ್ಮೆ ಜಗ್ಗಿ. ಒಳಗೆ ಸರ್ಕ್ಲಿಪ್ ಮಾತ್ರ ಹಿಡಿದಿರುತ್ತದೆ. ನಿಧಾನ ಒತ್ತಡಕ್ಕೆ ಅದು ಬಗ್ಗುವುದಿಲ್ಲ, ಒಂದೇ ಜಗ್ಗಿಗೆ ಪಟ್ಟೆಂದು ಬಿಡುತ್ತದೆ. ಬಿಡದಿದ್ದರೆ ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ಕಡೆಯಿಂದ ಜಗ್ಗಿ. ಬಾರಿನ ತುದಿಯನ್ನು ಆಯಿಲ್ ಸೀಲಿಗಾಗಲಿ ಅಲ್ಯುಮಿನಿಯಂನ ತೆಳು ಅಂಚಿಗಾಗಲಿ ಕೊಡಬೇಡಿ. ಅಲ್ಲಿ ಬಿದ್ದ ಗೀರಿನಿಂದ ಹೊಸ ಸೀಲ್ ಹಾಕಿದರೂ ಎಣ್ಣೆ ಒಸರುತ್ತದೆ. ಕೆಳಗೆ ತಟ್ಟೆ ಇಟ್ಟಿರಿ, ಇಳಿಸಿದ ಮೇಲೂ ಒಂದು ಲೋಟದಷ್ಟು ಎಣ್ಣೆ ಬರುತ್ತದೆ.

ಕೆಲವು ಗಾಡಿಗಳಲ್ಲಿ ಒಂದು ಬದಿಗೆ ಎಂಜಿನ್ ಬ್ಲಾಕಿಗೆ ಬೇರಿಂಗಿನಿಂದ ಹಿಡಿದ ನಡು ಶಾಫ್ಟ್ ಇರುತ್ತದೆ. ಆ ಬದಿಯಲ್ಲಿ ಮೀಟಬೇಕಾದ ಜಾಗ ಗೇರ್‌ಬಾಕ್ಸಿನ ಹತ್ತಿರ ಇರುವುದಿಲ್ಲ, ಆ ಬೇರಿಂಗಿನ ಹೊರಗಡೆ ಇರುತ್ತದೆ. ಇನ್ನು ಕೆಲವದರಲ್ಲಿ ಒಳ ಜಾಯಿಂಟನ್ನು ಆರು ಬೋಲ್ಟುಗಳಿಂದ ಫ್ಲಾಂಜ್ ಎಂಬ ಚಪ್ಪಟೆ ತಟ್ಟೆಗೆ ಕಟ್ಟಿರುತ್ತಾರೆ, ಅಲ್ಲಿ ಎಣ್ಣೆಯೂ ಬರುವುದಿಲ್ಲ, ಮೀಟುವ ಗೋಜೂ ಇಲ್ಲ.

ಎರಡೂ ಬದಿಯ ಶಾಫ್ಟ್ ಒಟ್ಟಿಗೆ ಬಿಚ್ಚುವ ಕೆಲಸವಾದರೆ ಒಂದನ್ನು ತೆಗೆದ ಮೇಲೆ ಆ ರಂಧ್ರಕ್ಕೆ ಸರಿ ಅಳತೆಯ ಮರದ ಗೂಟವನ್ನೋ ಹಳೆ ಜಾಯಿಂಟಿನ ತುದಿಯನ್ನೋ ತೂರಿಸಿಡಿ. ಕೆಲವು ಗೇರ್‌ಬಾಕ್ಸುಗಳಲ್ಲಿ ಎರಡೂ ಖಾಲಿಯಾದರೆ ಡಿಫರೆನ್ಷಿಯಲಿನ (ಎರಡೂ ಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆಯ) ಪಕ್ಕದ ಗೇರುಗಳು ಜಾರಿ ಅಡ್ಡ ನಿಲ್ಲುತ್ತವೆ. ಆಮೇಲೆ ಅವನ್ನು ಸರಿಗೆ ತರಲು ಗೇರ್‌ಬಾಕ್ಸನ್ನೇ ಇಳಿಸಬೇಕಾಗಬಹುದು.

ಬೂಟು ಮಾತ್ರ ಬದಲಿಸುವಾಗ

ಶಾಫ್ಟನ್ನು ವೈಸಿಗೆ ಕಚ್ಚಿಸಿ, ದವಡೆಗಳಿಗೆ ಅಲ್ಯುಮಿನಿಯಂ ತಗಡೋ ಮರವೋ ಕೊಟ್ಟು. ಹಳೆ ಬೂಟನ್ನು ಕತ್ತರಿಸಿ ತೆಗೆದು ಗ್ರೀಸು ಒರೆಸಿದಾಗ ಜಾಯಿಂಟಿನ ಒಳಬಳೆ ಕಾಣುತ್ತದೆ. ಹಿತ್ತಾಳೆಯ ಪಂಚನ್ನು ಆ ಒಳಬಳೆಯ ಮೇಲಿಟ್ಟು, ಗುಂಡುಗಳ ಗೂಡಿಗೆ ತಾಗದಂತೆ, ಒಂದೆರಡು ಚುರುಕು ಪೆಟ್ಟು ಕೊಟ್ಟರೆ ಸರ್ಕ್ಲಿಪ್ ಮುದುಡಿ ಜಾಯಿಂಟ್ ಶಾಫ್ಟಿನಿಂದ ಕಳಚುತ್ತದೆ. ಎಲ್ಲ ಜಾಯಿಂಟೂ ಹೀಗಲ್ಲ. ಸರ್ಕ್ಲಿಪ್ಪಿನ ಎರಡು ಕಿವಿ ಕಾಣುವ ಜಾತಿಯಾದರೆ ಇಕ್ಕಳದಿಂದ ಅವನ್ನು ಅಗಲಿಸಿ ಹಿಡಿದು ಜಾಯಿಂಟ್ ಎಳೆಯಬೇಕು. ಪೆಟ್ಟು ಕೊಟ್ಟು ಬಿಡಿಸಲು ಹೋದರೆ ಜಾಯಿಂಟ್ ಮುರಿಯುತ್ತದೆ. ಶಾಫ್ಟಿನ ಮೇಲೆ ಬಟ್ಟಲಿನಂಥ ವಾಷರ್, ಪ್ಲಾಸ್ಟಿಕ್ ಬಳೆ ಇದ್ದರೆ ಯಾವ ಮುಖ ಯಾವ ಕಡೆಗೆ ಎಂದು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಒದ್ದೆ ಉಳಿದರೆ ಹೊಸ ಗ್ರೀಸು ತೆಳುವಾಗಿ ಹರಿಯುತ್ತದೆ. ಈಗ ಒಳಬಳೆಯನ್ನು ಒಂದು ಕಡೆಗೆ ಪೂರ್ತಿ ವಾಲಿಸಿ ಆರು ಗುಂಡುಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿಯಿರಿ. ಗುಂಡು ಓಡಿದ ಹಾದಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಅಡ್ಡಿಯಿಲ್ಲ, ಅದು ಸಹಜ ಸವೆತ. ಉಗುರು ಎಳೆದಾಗ ತಡೆಯುವ ಗುಳಿ, ಪದರ ಎದ್ದ ಜಾಗ, ಕಾದು ನೀಲಿಗಟ್ಟಿದ ಬಣ್ಣ, ಗೂಡಿನ ಕಿಟಕಿಯಲ್ಲಿ ಬಿರುಕು, ಇವುಗಳಲ್ಲಿ ಒಂದು ಕಂಡರೂ ಜಾಯಿಂಟ್ ಹಾಕಿ ಪ್ರಯೋಜನವಿಲ್ಲ. ಗುಂಡುಗಳನ್ನು ಹೊರತೆಗೆಯಬೇಕೆನಿಸಿದರೆ ಒಳಬಳೆ, ಗೂಡು, ಹೊರಬಟ್ಟಲು ಮೂರಕ್ಕೂ ಒಂದೇ ಸಾಲಿನಲ್ಲಿ ಗುರುತು ಹಾಕಿ. ಸವೆದ ಹಾದಿಗೆ ಬೇರೆ ಗುಂಡು ಬಂದರೆ ಸದ್ದಿಲ್ಲದ ಜಾಯಿಂಟೂ ಸದ್ದು ಮಾಡುತ್ತದೆ.

ಗ್ರೀಸಿನ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನು ತುಂಬಬಾರದು. ಹೊರ ಜಾಯಿಂಟಿಗೆ ಮಾಲಿಬ್ಡಿನಂ ಡೈಸಲ್ಫೈಡ್ ಬೆರೆತ ಕಪ್ಪು ಗ್ರೀಸು ಬೇಕು, ಏಕೆಂದರೆ ಇಲ್ಲಿ ಗುಂಡುಗಳು ಉರುಳುವುದರ ಜೊತೆಗೆ ಭಾರದಲ್ಲಿ ಜಾರುತ್ತವೆ ಕೂಡ. ಚಕ್ರದ ಬೇರಿಂಗಿನ ಸಾಧಾರಣ ಗ್ರೀಸು ಆ ಜಾರಿಕೆಯನ್ನು ತಾಳುವುದಿಲ್ಲ. ಬೂಟಿನ ಕಿಟ್ಟಿನಲ್ಲಿ ಬರುವ ಪೊಟ್ಟಣ ಹೆಚ್ಚಾಗಿ 80ರಿಂದ 120 ಗ್ರಾಂ ಇರುತ್ತದೆ, ಅಷ್ಟೂ ಹೋಗಬೇಕು. ಹೆಚ್ಚಿನ ಪಾಲನ್ನು ಜಾಯಿಂಟಿನೊಳಕ್ಕೆ, ಗುಂಡುಗಳ ಹಿಂದಕ್ಕೂ ಹೋಗುವಂತೆ ಬೆರಳಿನಿಂದ ಒತ್ತಿ, ಉಳಿದದ್ದನ್ನು ಬೂಟಿನೊಳಗೆ ಬಿಡಿ. ಒಳ ಜಾಯಿಂಟಿಗೆ ಕೆಲವರು ಬೇರೆ ಗ್ರೀಸು ಕೊಡುತ್ತಾರೆ, ಆ ಪೊಟ್ಟಣಗಳನ್ನು ಅದಲು ಬದಲು ಮಾಡಬೇಡಿ.

ಜಾಯಿಂಟ್ ಮತ್ತೆ ಹಾಕುವ ಮುಂಚೆ ಹೊಸ ಬೂಟು, ಸಣ್ಣ ಕ್ಲಾಂಪು ಶಾಫ್ಟಿನ ಮೇಲೆ ಏರಿವೆಯೇ ನೋಡಿ. ಮರೆತರೆ ಜಾಯಿಂಟನ್ನು ಮತ್ತೆ ಬಿಚ್ಚಬೇಕು, ಇದು ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ಹೊಸ ಸರ್ಕ್ಲಿಪ್ ಹಾಕಿ, ಜಾಯಿಂಟನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ಕ್ಲಿಕ್ಕೆನ್ನುವ ತನಕ ಬಡಿದು, ಎಳೆದು ಪರೀಕ್ಷಿಸಿ. ಬೂಟಿನ ತುಟಿಗಳು ತಮ್ಮ ತೋಡುಗಳಲ್ಲಿ ಕೂರುವ ಜಾಗದಲ್ಲಿ ಗ್ರೀಸಿನ ಪಸೆ ಇದ್ದರೆ ಕ್ಲಾಂಪು ಎಷ್ಟು ಬಿಗಿದರೂ ಬೂಟು ಜಾರುತ್ತದೆ, ಅಲ್ಲಿ ಒಣಬಟ್ಟೆಯಿಂದ ಒರೆಸಿ. ದೊಡ್ಡ ಕ್ಲಾಂಪು ಬಿಗಿದ ಮೇಲೆ ಸಣ್ಣ ತುದಿಯ ಕೆಳಗೆ ಮೊಂಡು ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕೆ ಸಮವಾಗಲು ಬಿಡಿ. ಬೂಟು ಉಬ್ಬದೆ, ಒಳಕ್ಕೆ ಸೊರಗದೆ ತನ್ನ ಆಕಾರಕ್ಕೆ ನಿಂತಾಗ ಸಣ್ಣ ಕ್ಲಾಂಪಿನ ಕಿವಿ ಹಿಸುಕಿ. ಸೊರಗಿದ ಮಡಿಕೆ ತಿರುಗುವಾಗ ಒಂದಕ್ಕೊಂದು ಉಜ್ಜಿ ವರ್ಷದೊಳಗೆ ಮತ್ತೆ ಹರಿಯುತ್ತದೆ.

ಸೀಲು ಮತ್ತು ಶಾಫ್ಟ್ ಕೂರಿಸುವುದು

ಹಳೆ ಆಯಿಲ್ ಸೀಲನ್ನು ಮೀಟಿ ತೆಗೆಯುವ ಮುಂಚೆ ಅದು ಎಷ್ಟು ಆಳಕ್ಕೆ ಕೂತಿತ್ತು ಎಂದು ಅಳೆದುಕೊಳ್ಳಿ. ಹೊಸದನ್ನು ಅದೇ ಆಳಕ್ಕೆ, ಅದರ ಹೊರಸುತ್ತಿನಷ್ಟೇ ಅಗಲದ ಸಾಕೆಟ್ ಇಟ್ಟು ಸುತ್ತಲೂ ಸಮನಾಗಿ ಬಡಿಯಿರಿ. ತುಟಿಗೆ ಗೇರ್ ಎಣ್ಣೆ ಸವರಿ. ಒಣ ತುಟಿ ಮೊದಲ ಕೆಲವು ಸುತ್ತಿನಲ್ಲೇ ಸುಟ್ಟು ಸೋರತೊಡಗುತ್ತದೆ.

ಒಳತುದಿಯ ಹೊಸ ಸರ್ಕ್ಲಿಪ್ಪಿನ ಬಾಯಿ ಕೆಳಮುಖವಾಗಿರಲಿ, ಅದು ನಡುವಿಗೆ ನಿಲ್ಲಲು ಒಂದು ಚೂರು ಗ್ರೀಸು ಹಚ್ಚಿ. ಶಾಫ್ಟನ್ನು ಸೀಲಿನ ತುಟಿಗೆ ಸ್ಪ್ಲೈನ್ ತಾಗದಂತೆ ನೇರವಾಗಿ ತೂರಿಸಿ, ಹಲ್ಲು ಹಿಡಿದ ಮೇಲೆ ಒಂದೇ ದೂಡಿಗೆ ಒಳಕ್ಕೆ ಹೊಡೆಯಿರಿ. ಕ್ಲಿಪ್ ಕೂತಾಗ ಕೈಗೆ ಮಂದ ಟಕ್ಕೆಂದು ತಟ್ಟುತ್ತದೆ. ನಂಬಿ ಬಿಡಬೇಡಿ, ಬಟ್ಟಲನ್ನು ಹಿಡಿದು ಹೊರಕ್ಕೆ ಜಗ್ಗಿ ನೋಡಿ. 2-3 ಮಿ.ಮೀ. ಆಡಿದರೆ ಸರಿ, ಈಚೆ ಬಂದರೆ ಕ್ಲಿಪ್ ಕೂತಿಲ್ಲ. ಅರ್ಧ ಕೂತ ಶಾಫ್ಟ್ ಮೊದಲ ಗುಂಡಿಯಲ್ಲಿ ಹೊರಬಂದು ಎಣ್ಣೆಯನ್ನೆಲ್ಲ ರಸ್ತೆಗೆ ಚೆಲ್ಲುತ್ತದೆ.

ಹಬ್‌ನ ಸ್ಪ್ಲೈನುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತೆಳುವಾಗಿ ಎಣ್ಣೆ ಸವರಿ ಹೊರತುದಿ ತೂರಿಸಿ. ಬಾಲ್ ಜಾಯಿಂಟನ್ನು ಮತ್ತೆ ಸೇರಿಸುವಾಗ ಅಡ್ಡ ಬೋಲ್ಟಿನ ಜಾತಿಯಾದರೆ ಪಿನ್ನಿನ ತೋಡು ಬೋಲ್ಟಿನ ರಂಧ್ರಕ್ಕೆ ಸರಿಯಾಗಿ ಬಂದಿರಬೇಕು. ಬೋಲ್ಟ್ ಕೈಯಿಂದ ಸಲೀಸಾಗಿ ಹೋಗದಿದ್ದರೆ ಪಿನ್ನು ಇನ್ನೂ ಮೇಲೆ ಬರಬೇಕು ಎಂದರ್ಥ, ಬಡಿದು ತೂರಿಸಬೇಡಿ. ಕಿರೀಟದ ನಟ್ಟಿನ ಜಾತಿಯಾದರೆ ಹೇಳಿದ ಬಿಗಿಗೆ ತಂದ ಮೇಲೆ ಪಿನ್ನಿನ ರಂಧ್ರ ಕಾಣದಿದ್ದರೆ ಇನ್ನಷ್ಟು ಬಿಗಿದು ಸಾಲಿಗೆ ತನ್ನಿ. ರಂಧ್ರಕ್ಕೋಸ್ಕರ ಹಿಂದಕ್ಕೆ ಸಡಿಲಿಸಿದರೆ ಮೊನಚಿನ ಕಚ್ಚುವಿಕೆ ಹೋಯಿತು. ಲೋಯರ್ ಆರ್ಮಿನ ಒಳಗಡೆಯ ಬುಷ್ ಬೋಲ್ಟುಗಳನ್ನೂ ಸಡಿಲಿಸಿದ್ದರೆ ಅವುಗಳ ಕೊನೆಯ ಬಿಗಿ ಗಾಡಿ ನೆಲಕ್ಕಿಳಿದ ಮೇಲೆಯೇ. ನೇತಾಡುವಾಗ ಬಿಗಿದ ಬುಷ್ಷಿನ ರಬ್ಬರ್ ಸದಾ ಹಿಂಡಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕೊನೆಯ ಬಿಗಿ

ಹೊಸ ಹಬ್ ನಟ್ಟು. ಹಳೆಯದನ್ನು ಮತ್ತೆ ಹಾಕುವ ಆಸೆ ಬೇಡ, ಅದರ ಕಂಠ ಒಮ್ಮೆ ಮಡಚಿ ಬಿಡಿಸಿದ್ದು, ಹಿಡಿತ ಹೋಗಿರುತ್ತದೆ. ಚಕ್ರ ಇನ್ನೂ ಗಾಳಿಯಲ್ಲಿರುವಾಗ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಟಾರ್ಕ್ ರೆಂಚಿನಿಂದ ಪುಸ್ತಕದ ಅಳತೆಗೆ ಬಿಗಿಯಿರಿ. ಸಾಮಾನ್ಯ ಕಾರುಗಳಲ್ಲಿ ಇದು 180ರಿಂದ 300 ನ್ಯೂಟನ್ ಮೀಟರ್ ಒಳಗಿರುತ್ತದೆ. ಇಷ್ಟು ಅಗಲದ ವ್ಯಾಪ್ತಿಯಲ್ಲಿ ಅಂದಾಜಿನ ಕೈ ನಡೆಯುವುದಿಲ್ಲ. ಕೆಲವು ಗಾಡಿಗಳಲ್ಲಿ ಒಂದು ಬಿಗಿಗೆ ತಂದ ಮೇಲೆ ಇಷ್ಟು ಡಿಗ್ರಿ ಎಂದು ತಿರುಗಿಸಬೇಕು. ಗಾಳಿಯ ಇಂಪ್ಯಾಕ್ಟ್ ಗನ್ನು ಬಿಚ್ಚುವುದಕ್ಕೆ ಮಾತ್ರ ಇರಲಿ, ಬಿಗಿಯುವಾಗ ಅದು ಎಷ್ಟು ಬಿಗಿಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬಿಗಿ ಸಿಕ್ಕ ಮೇಲೆ ನಟ್ಟಿನ ಕಂಠವನ್ನು ಶಾಫ್ಟಿನ ಸೀಳಿನೊಳಕ್ಕೆ ಮೊಂಡು ತುದಿಯ ಪಂಚಿನಿಂದ ಬಡಿಯಿರಿ. ಚೂಪು ಉಳಿಯಾದರೆ ತಗಡು ಸೀಳಿಹೋಗುತ್ತದೆ.

ಬ್ರೇಕ್ ಹೋಸು, ಎಬಿಎಸ್ ವೈರು ತಿರುಚದೆ ತಮ್ಮ ಬ್ರಾಕೆಟ್ಟಿಗೆ ಸೇರಿವೆಯೇ ನೋಡಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಎಲ್ಲೂ ಎಳೆಯುವುದಿಲ್ಲ, ಬೂಟು ಎಲ್ಲೂ ಉಜ್ಜುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಗಾಡಿಯನ್ನು ಮಟ್ಟಸವಾಗಿ ನಿಲ್ಲಿಸಿ ಗೇರ್ ಎಣ್ಣೆಯನ್ನು ತುಂಬುವ ರಂಧ್ರದ ಕೆಳ ಅಂಚಿನಿಂದ ಹನಿಯುವ ತನಕ ಹಾಕಿ. ಎಣ್ಣೆಯ ದರ್ಜೆ ಜಿಎಲ್-4 ಎಂದು ಪುಸ್ತಕದಲ್ಲಿದ್ದರೆ ಜಿಎಲ್-5 ಮೇಲಿನ ದರ್ಜೆಯದೆಂದು ಹಾಕಬೇಡಿ, ಅದರ ಗಂಧಕ, ರಂಜಕದ ಬೆರಕೆ ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೊನೈಸರಿನ ಹಿತ್ತಾಳೆಗೆ ಆಗಿಬರದಿರಬಹುದು. ಆಟೊಮ್ಯಾಟಿಕ್ ಗಾಡಿಯಲ್ಲಿ ಎಣ್ಣೆ ಬೇರೆ, ಮಟ್ಟ ನೋಡುವ ಕ್ರಮವೂ ಬೇರೆ, ಹಲವದರಲ್ಲಿ ಎಣ್ಣೆ ಇಂತಿಷ್ಟು ಬಿಸಿಯಾದಾಗಲೇ ನೋಡಬೇಕು.

ಚಕ್ರದ ನಟ್ಟುಗಳನ್ನು ಎದುರು ಬದುರಾಗಿ, ಹೆಚ್ಚಿನ ಕಾರುಗಳಲ್ಲಿ 100-120 ನ್ಯೂಟನ್ ಮೀಟರಿಗೆ, ನೆಲಕ್ಕೆ ಇಳಿಸಿ ಬಿಗಿಯಿರಿ. ಎಂಜಿನ್ ಚಾಲೂ ಮಾಡಿ ಗೇರ್ ಹಾಕುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ಒತ್ತಿ ಬಿಡಿ. ಕೆಲಸದ ನಡುವೆ ಡಿಸ್ಕ್ ವಾಲಿ ಬ್ರೇಕ್ ಪ್ಯಾಡು ಹಿಂದಕ್ಕೆ ಸರಿದಿದ್ದರೆ ಮೊದಲ ಒತ್ತು ಬರಿದೇ ನೆಲ ಮುಟ್ಟುತ್ತದೆ, ಅದು ನಡು ರಸ್ತೆಯಲ್ಲಿ ಗೊತ್ತಾಗುವುದು ಬೇಡ.

ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಎರಡೂ ಕಡೆಗೆ ನಿಧಾನಕ್ಕೆ ಸುತ್ತು ಹೊಡೆಯಿರಿ, ಕಿಟಕಿ ಇಳಿಸಿಕೊಂಡು. ಸದ್ದು ಇಲ್ಲದಿದ್ದರೆ ನೇರ ರಸ್ತೆಗೆ ಹೋಗಿ ಜೋರಾಗಿ ಆಕ್ಸಿಲರೇಟರ್ ಒತ್ತಿ ನೋಡಿ. ಆಗ ಮಾತ್ರ ಹೊಸದಾಗಿ ನಡುಕ ಕಂಡರೆ ತಪ್ಪು ನಿಮ್ಮ ಕೈಯದಾಗಿರಬೇಕೆಂದಿಲ್ಲ, ಬದಲಿ ಶಾಫ್ಟುಗಳ ಒಳ ಜಾಯಿಂಟು ಹೊಸದರಲ್ಲೇ ಸಡಿಲಿರುವುದುಂಟು. ಹಳೆ ಶಾಫ್ಟನ್ನು ಗುಜರಿಗೆ ಹಾಕುವುದನ್ನು ಈ ಪರೀಕ್ಷೆ ಮುಗಿಯುವ ತನಕ ತಡೆಯಿರಿ. ಮರುದಿನ ಬೆಳಿಗ್ಗೆ ಗಾಡಿ ನಿಲ್ಲಿಸಿದ ಜಾಗದಲ್ಲಿ ಗೇರ್‌ಬಾಕ್ಸಿನ ಕೆಳಗೆ ಎಣ್ಣೆಯ ಹನಿ ಬಿದ್ದಿದೆಯೇ ಎಂದು ಬಗ್ಗಿ ನೋಡಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ.